ಲ್ಯಾಪ್‌ಟಾಪು, ಡಿವಿಡಿ ಪ್ಲೇಯರ್ರು, ಟಿವಿ, ಪ್ರೊಜೆಕ್ಟರ್ರು: ಒಂದಕ್ಕೊಂದು ಹಾಕೋ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮ ಬಳಗದಲ್ಲಿ "ಟಿವಿಗೆ ವೈರ್ ಹಾಕೋನು" ಅಂದ್ರೆ ನಾನೇ. ಮದುವೆ ಮನೇಲಿ ಸ್ಲೈಡ್‌ಶೋ ಬರ್ತಿಲ್ಲ ಅಂದ್ರೂ ಫೋನ್ ನಂಗೇ ಬರತ್ತೆ, ಊರ ಶಾಲೇಲಿ ಪ್ರೊಜೆಕ್ಟರ್ ನೀಲಿ ಪರದೆ ತೋರಿಸ್ತಾ ಕೂತಿದೆ ಅಂದ್ರೂ ನಂಗೇ. ಹೇಳಿದ್ದೇ ಹೇಳಿ ಬಾಯಿ ನೋವು ಬಂದಿದ್ದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ಪ್ರಶ್ನೆಗಳು ಕೇಳಿದವರ ಮಾತಲ್ಲೇ ಇವೆ, ಒಂದೆರಡು ಕಡೆ ಬೈಗುಳ ತೆಗ್ದಿದೀನಿ ಅಷ್ಟೆ. ಮೊದಮೊದಲು ಸುಲಭದ್ದು, ಕೆಳಗೆ ಹೋದಂಗೆ ತಲೆ ತಿನ್ನೋವು.

## ಶುರು ಮಾಡೋರಿಗೆ

ಲ್ಯಾಪ್‌ಟಾಪ್ ಟಿವಿಗೆ ಹಾಕ್ಬೇಕು, ಯಾವ ಕೇಬಲ್ ತರ್ಲಿ?

ಅಂಗಡಿಗೆ ಹೋಗೋ ಮುಂಚೆ ಎರಡೂ ಕಡೆ ತೂತು ನೋಡಿ, ಫೋನಲ್ಲಿ ಒಂದೊಂದು ಫೋಟೋ ಹೊಡ್ಕೊಳ್ಳಿ, ಅಂಗಡಿಯವನಿಗೆ ಅದನ್ನೇ ತೋರಿಸಿ. ಚಪ್ಪಟೆಯಾಗಿ ಅಗಲವಾಗಿ, ಕೆಳಗಿನ ಎರಡು ಮೂಲೆ ಒಳಗೆ ಸವರಿದಂಗೆ ಇದ್ರೆ ಅದು ಎಚ್‌ಡಿಎಂಐ. 2002ರ ಕೊನೇಲಿ ಬಂದಿದ್ದು, ಒಳಗೆ 19 ಪಿನ್ನು, ಚಿತ್ರ ಸೌಂಡು ಎರಡೂ ಒಂದೇ ವೈರಲ್ಲಿ ಹೋಗತ್ತೆ. ನೀಲಿ ಬಣ್ಣ, ಮೂರು ಸಾಲಲ್ಲಿ 15 ತೂತು, ಎರಡು ಪಕ್ಕ ಸ್ಕ್ರೂ ಇದ್ರೆ ಅದು ವಿಜಿಎ, 1987ರಲ್ಲಿ ಐಬಿಎಂ ತಂದಿದ್ದು, ಅದರಲ್ಲಿ ಚಿತ್ರ ಮಾತ್ರ. ಎರಡೂ ಕಡೆ ಎಚ್‌ಡಿಎಂಐ ಇದ್ರೆ ನಿಮ್ಮ ಅದೃಷ್ಟ, ಒಂದು ಕೇಬಲ್ ತಂದು ಹಾಕಿ ಮುಗೀತು. ಲ್ಯಾಪ್‌ಟಾಪಲ್ಲಿ ಬರೀ ಟೈಪ್-ಸಿ ಇದ್ರೆ ಮಾತ್ರ ನಿಲ್ಲಿ, ದುಡ್ಡು ಕೊಡೋ ಮುಂಚೆ ಕೆಳಗಡೆ ಟೈಪ್-ಸಿ ಬಗ್ಗೆ ಬರೆದಿರೋದು ಓದಿ.

ಕೇಬಲ್ ಹಾಕಿದೆ, ಟಿವಿ "ನೋ ಸಿಗ್ನಲ್" ಅಂತಿದೆ. ಟಿವಿ ಹೋಯ್ತಾ ಸರ್?

ಹೋಗಿಲ್ಲ, ನೋ ಸಿಗ್ನಲ್ ಅಂತ ಬರೆದು ತೋರಿಸ್ತಿದೆ ಅಂದ್ರೆ ಟಿವಿ ಬದುಕೇ ಇದೆ. ಹಿಂದಗಡೆ ಎಚ್‌ಡಿಎಂಐ 2ಕ್ಕೆ ಚುಚ್ಚಿ ರಿಮೋಟಲ್ಲಿ ಎಚ್‌ಡಿಎಂಐ 1 ಇಟ್ಟು ಕಾಯೋರೇ ಜಾಸ್ತಿ. ರಿಮೋಟಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಬಟನ್ ಒತ್ತಿ, ಚುಚ್ಚಿದ ನಂಬರೇ ಆರಿಸಿ. ಆಮೇಲೆ ಲ್ಯಾಪ್‌ಟಾಪಲ್ಲಿ ವಿಂಡೋಸ್ ಕೀ ಹಿಡ್ಕೊಂಡು ಪಿ ಒತ್ತಿ ಡೂಪ್ಲಿಕೇಟ್ ಮಾಡಿ. ಆಗ್ಲೂ ಬರ್ಲಿಲ್ಲ ಅಂದ್ರೆ ಕೇಬಲ್ ಎರಡೂ ಕಡೆ ತೆಗೆದು ಗಟ್ಟಿಯಾಗಿ ಹಾಕಿ, ಗೋಡೆಗೆ ಅಂಟಿಸಿದ ಟಿವಿಲಿ ಅರ್ಧ ಮಾತ್ರ ಕೂತಿರತ್ತೆ. ಕೊನೇದಾಗಿ ಎರಡನ್ನೂ ಆಫ್ ಮಾಡಿ, ಮೊದಲು ಟಿವಿ, ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡಿ. ಟಿವಿ ತನ್ನ ಅಳತೆ ಎಷ್ಟು, ಏನೇನು ತಗೊಳ್ತೀನಿ ಅಂತ ಆ ಕೇಬಲ್ಲಲ್ಲೇ ಲ್ಯಾಪ್‌ಟಾಪಿಗೆ ಹೇಳತ್ತೆ, ಆ ಮಾತುಕತೆ ಒಮ್ಮೊಮ್ಮೆ ಅರ್ಧಕ್ಕೇ ನಿಂತಿರತ್ತೆ, ಆಫ್ ಮಾಡಿ ಆನ್ ಮಾಡಿದ್ರೆ ಹೊಸದಾಗಿ ಶುರುವಾಗತ್ತೆ.

ವಿಂಡೋಸ್ ಪಿ ಒತ್ತಿದ್ರೆ ನಾಲ್ಕು ತೋರಿಸತ್ತೆ, ಯಾವ್ದು ಒತ್ಲಿ?

ಸಿನಿಮಾ ನೋಡೋಕೆ ನಾಲ್ಕನೇದು, ಸೆಕೆಂಡ್ ಸ್ಕ್ರೀನ್ ಓನ್ಲಿ. ಲ್ಯಾಪ್‌ಟಾಪ್ ಪರದೆ ಆರಿಹೋಗತ್ತೆ, ಟಿವಿಗೆ ಅದರ ಪೂರ್ತಿ ಅಳತೆ ಸಿಗತ್ತೆ. ಪಾಠ ಮಾಡೋರಿಗೆ ಡೂಪ್ಲಿಕೇಟ್, ನೀವು ನೋಡೋದೇ ಮಕ್ಕಳೂ ನೋಡ್ತಾರೆ. ಎಕ್ಸ್‌ಟೆಂಡ್ ಅಂದ್ರೆ ಟಿವಿ ಎರಡನೇ ಮೇಜು ಇದ್ದಂಗೆ, ಲ್ಯಾಪ್‌ಟಾಪಲ್ಲಿ ನೋಟ್ಸ್ ಇಟ್ಕೊಂಡು ಅಲ್ಲಿ ಸ್ಲೈಡ್ ಮಾತ್ರ ತೋರಿಸ್ಬಹುದು, ಆದ್ರೆ ಮೌಸ್ ಎಲ್ಲೋ ಮಾಯ ಆಯ್ತು ಅಂತ ಫೋನ್ ಮಾಡೋರೂ ಇವರೇ (ಮೌಸ್ ಬಲಗಡೆ ಟಿವಿಗೆ ಹೋಗಿರತ್ತೆ, ಎಡಕ್ಕೆ ಎಳೀರಿ). ಮ್ಯಾಕಲ್ಲಿ ಕಮಾಂಡ್ ಹಿಡ್ದು ಎಫ್1 ಒತ್ತಿದ್ರೆ ಡೂಪ್ಲಿಕೇಟ್‌ಗೂ ಎಕ್ಸ್‌ಟೆಂಡ್‌ಗೂ ಬದಲಾಗತ್ತೆ.

ಚಿತ್ರ ಟಿವಿಲಿ ಬರ್ತಿದೆ, ಸೌಂಡ್ ಮಾತ್ರ ಲ್ಯಾಪ್‌ಟಾಪಲ್ಲೇ

ಎಚ್‌ಡಿಎಂಐ ಆದ್ರೆ ಕೆಳಗೆ ಮೂಲೇಲಿ ಸ್ಪೀಕರ್ ಗುರುತು ಒತ್ತಿ, ಔಟ್‌ಪುಟ್ ಪಟ್ಟೀಲಿ ಟಿವಿ ಹೆಸರು ಇರತ್ತೆ, ಅದನ್ನ ಆರಿಸಿ. ಸಿನಿಮಾ ಓಡ್ತಿರೋವಾಗ್ಲೇ ಬದಲಾಯಿಸಿದ್ರೆ ಕೆಲವು ಪ್ಲೇಯರ್ ಕಿವುಡರ ಥರ ಕೂತಿರತ್ತೆ, ಮುಚ್ಚಿ ತೆಗೀರಿ. ವಿಜಿಎ ಆದ್ರೆ ಕೇಬಲ್ಲಲ್ಲಿ ಸೌಂಡೇ ಹೋಗಲ್ಲ, ಹೆಡ್‌ಫೋನ್ ತೂತಿಂದ ಬೇರೆ ವೈರ್ ಎಳೀಬೇಕು.

ಗೋಲ್ಡ್ ಪ್ಲೇಟೆಡ್ ಕೇಬಲ್ 1500 ರೂಪಾಯಿ ಅಂತೆ, ಬಣ್ಣ ಚೆನ್ನಾಗ್ ಬರತ್ತಂತೆ, ತಗೊಳ್ಳಾ?

ಬೇಡ. ಎಚ್‌ಡಿಎಂಐಲಿ ಹೋಗೋದು ಅಂಕಿ, ಸೊನ್ನೆ ಮತ್ತೆ ಒಂದು. ತಲುಪಿದ್ರೆ ಪೂರ್ತಿ ತಲುಪತ್ತೆ, ತಲುಪ್ಲಿಲ್ಲ ಅಂದ್ರೆ ಮಿಣಮಿಣ ಅಂತ ಚುಕ್ಕಿ ಬರತ್ತೆ ಇಲ್ಲಾ ಪರದೆ ಕಪ್ಪಾಗಿ ಕಪ್ಪಾಗಿ ಬರತ್ತೆ. ದುಬಾರಿ ಕೇಬಲ್ಲಲ್ಲಿ ಕೆಂಪು ಇನ್ನಷ್ಟು ಕೆಂಪಾಗೋದು ಅಂತೇನೂ ಇಲ್ಲ. ಕೇಬಲ್ ಮೇಲೆ ನೋಡ್ಬೇಕಾಗಿರೋದು ಚಿನ್ನ ಅಲ್ಲ, ವೇಗದ ಹೆಸರು, 4ಕೆ ಬೇಕಾದವರಿಗೆ ಅದನ್ನ ಮುಂದೆ ಹೇಳಿದೀನಿ.

## ಹಳೇ ಡಬ್ಬ, ಹಳೇ ಡಿಸ್ಕು

ಅಪ್ಪನ ಹಳೇ ಡಿವಿಡಿ ಪ್ಲೇಯರ್ ಇದೆ, ಯಕ್ಷಗಾನದ್ದು ಐವತ್ತು ಡಿಸ್ಕ್ ಇದೆ, ಹೊಸ ಟಿವಿಲಿ ಹಳದಿ ಕೆಂಪು ಬಿಳಿ ತೂತೇ ಇಲ್ವಲ್ಲ

ಮೊದಲು ಟಿವಿ ಹಿಂದೆ ಸರಿಯಾಗಿ ಟಾರ್ಚ್ ಬಿಟ್ಟು ನೋಡಿ. ಹೊಸ ಟಿವಿಗಳಲ್ಲಿ ಎಷ್ಟೋ ಸಲ ಮೂರು ತೂತಿನ ಬದಲು ಹೆಡ್‌ಫೋನ್ ಥರದ ಒಂದೇ ಚಿಕ್ಕ ತೂತು ಇರತ್ತೆ, ಪಕ್ಕ ಎವಿ ಇನ್ ಅಂತ ಬರೆದಿರತ್ತೆ, ಅದರ ಮೋಟು ವೈರ್ ಟಿವಿ ಡಬ್ಬದಲ್ಲೇ ಬಂದಿರತ್ತೆ, ನೀವು ಥರ್ಮಾಕೋಲ್ ಜೊತೆ ಅಟ್ಟಕ್ಕೆ ಹಾಕಿರ್ತೀರ. ಇನ್ನು ಕೆಲವು ಟಿವಿಲಿ ಹಸಿರು ನೀಲಿ ಕೆಂಪು ಮತ್ತೆ ಬಿಳಿ ಕೆಂಪು ಅಂತ ಐದು ತೂತು ಇದ್ದು ಹಳದಿ ಮಾತ್ರ ಇರಲ್ಲ, ಅಲ್ಲಿ ಹಸಿರು ತೂತಿನ ಸುತ್ತ ಹಳದಿ ಗೆರೆ ಇದ್ಯಾ ನೋಡಿ, ಇದ್ರೆ ಹಳದಿ ಪಿನ್ನನ್ನ ಆ ಹಸಿರಿಗೇ ಹಾಕ್ಬೇಕು. ಹಳದಿ ಅಂದ್ರೆ ಚಿತ್ರ, ಬಿಳಿ ಎಡಗಡೆ ಸೌಂಡು, ಕೆಂಪು ಬಲಗಡೆ ಸೌಂಡು.

ಏನೂ ಇಲ್ಲ ಅಂದ್ರೆ ಎವಿ ಟು ಎಚ್‌ಡಿಎಂಐ ಅಂತ ಚಿಕ್ಕ ಡಬ್ಬಿ ಸಿಗತ್ತೆ, ಫೋನ್ ಚಾರ್ಜರಿಂದ ಕರೆಂಟ್ ಕೊಡ್ಬೇಕು. ಕೊಳ್ಳೋವಾಗ ಹೆಸರು ಎರಡು ಸಲ ಓದಿ, ಎಚ್‌ಡಿಎಂಐ ಟು ಎವಿ ಅಂತ ಅದೇ ಬಣ್ಣದ ಅದೇ ಅಳತೆಯ ಡಬ್ಬಿ ಪಕ್ಕದಲ್ಲೇ ಇರತ್ತೆ, ಅದು ಉಲ್ಟಾ ಕೆಲಸದ್ದು. ನಾನೇ ಒಂದ್ಸಲ ಉಲ್ಟಾ ತಂದು ಒಂದು ಭಾನುವಾರ ಪೂರ್ತಿ ಕಳ್ಕೊಂಡಿದೀನಿ. ಇನ್ನೊಂದು, ಇದನ್ನ ಹಾಕಿದ್ರೆ ಚಿತ್ರ ಎಚ್‌ಡಿ ಆಗಲ್ಲ. ಡಿವಿಡಿಲಿ ಇರೋದೇ 720 ಅಡ್ಡ, 576 ಉದ್ದ, ಅದನ್ನ 50 ಇಂಚಿಗೆ ಎಳೆದ್ರೆ ವೇಷದ ಮುಖವರ್ಣಿಕೆ ಎಲ್ಲಾ ಕಲಸಿದಂಗೇ ಕಾಣತ್ತೆ, ಸ್ವಲ್ಪ ದೂರ ಕೂತು ನೋಡಿ.

ಅಣ್ಣ, ಮೈಸೂರಲ್ಲಿ ಮಾಡಿಸಿದ ಮದುವೆ ಡಿವಿಡಿ ಇಲ್ಲಿ ನ್ಯೂಜೆರ್ಸಿಲಿ ಓಡ್ತಾನೇ ಇಲ್ಲ, ಅದೇ ಅಲ್ಲಿಂದ ತಂದ ಸಿನಿಮಾ ಡಿವಿಡಿ ಓಡತ್ತೆ, ಇದ್ಯಾವ ನ್ಯಾಯ?

ಇದು ನಂಗೆ ತುಂಬಾ ಇಷ್ಟವಾದ ಪ್ರಶ್ನೆ, ನಮ್ಮ ಚಿಕ್ಕಪ್ಪನ ಮಗಳು ಕೇಳಿದ್ದು. ಡಿವಿಡಿ ಕಾಲದಲ್ಲಿ ಇಂಡಿಯಾದ ಟಿವಿ ಪದ್ಧತಿ ಪಾಲ್ ಆಗಿತ್ತು, ಸೆಕೆಂಡಿಗೆ 25 ಚಿತ್ರ, 625 ಗೆರೆ. ಅಮೆರಿಕಾದ್ದು ಎನ್‌ಟಿಎಸ್‌ಸಿ, ಸೆಕೆಂಡಿಗೆ ಹತ್ತತ್ರ 30, 525 ಗೆರೆ. ಇದರ ಬೇರು ಗೋಡೆ ಸಾಕೆಟ್ಟಲ್ಲಿದೆ, ನಮ್ಮ ಕರೆಂಟು 50 ಹರ್ಟ್ಸ್, ಅವರದ್ದು 60. ಮದುವೆ ವಿಡಿಯೋದವರ ಕ್ಯಾಮೆರಾ ಪಾಲ್, ಹಂಗಾಗಿ ಡಿಸ್ಕೂ ಪಾಲ್. ನಮ್ಮೂರ ಪ್ಲೇಯರ್‌ಗಳು ಎರಡನ್ನೂ ನುಂಗ್ತಿದ್ವು, ಅಮೆರಿಕಾದಲ್ಲಿ ಮಾರೋ ಪ್ಲೇಯರ್‌ಗಳಲ್ಲಿ ಹೆಚ್ಚಿನವು ಪಾಲ್ ಅಂದ್ರೆ ಮುಖ ತಿರುಗಿಸತ್ವೆ. ಸಿನಿಮಾ ಡಿವಿಡಿ ಮಾಡೋರು ಹೊರದೇಶದ ಗಿರಾಕಿ ನೋಡ್ಕೊಂಡು ಎಷ್ಟೋ ಡಿಸ್ಕನ್ನ ಎನ್‌ಟಿಎಸ್‌ಸಿ, ಆಲ್ ರೀಜನ್ ಅಂತಾನೇ ಬಿಡ್ತಿದ್ರು, ಅದಕ್ಕೇ ಅದು ಓಡಿದ್ದು.

ಕಂಪ್ಯೂಟರ್‌ಗೆ ಪಾಲ್ ಎನ್‌ಟಿಎಸ್‌ಸಿ ಜಗಳಾನೇ ಇಲ್ಲ, ಎರಡೂ ಓಡ್ಸತ್ತೆ. ಹಂಗಾಗಿ ಯುಎಸ್‌ಬಿ ಡಿವಿಡಿ ಡ್ರೈವ್ ಒಂದು ಲ್ಯಾಪ್‌ಟಾಪಿಗೆ ಹಾಕಿ, ಲ್ಯಾಪ್‌ಟಾಪನ್ನ ಎಚ್‌ಡಿಎಂಐಲಿ ಟಿವಿಗೆ ಹಾಕಿ, ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರಲ್ಲಿ ಡಿಸ್ಕ್ ತೆಗೀರಿ. ಒಂದೇ ಎಚ್ಚರ: ರೀಜನ್ ಬೀಗ, ಅಂದ್ರೆ ಒಂದು ದೇಶದ ಡಿಸ್ಕ್ ಇನ್ನೊಂದು ಕಡೆ ಓಡದಂಗೆ ಹಾಕಿರೋದು, ಅದು ಬೇರೆ ವಿಷಯ, ಇಂಡಿಯಾ 5, ಅಮೆರಿಕಾ 1, ಡ್ರೈವಲ್ಲಿ ರೀಜನ್ ಬದಲಾಯಿಸು ಅಂತ ಕೇಳಿದ್ರೆ ಸುಮ್ನೆ ಸರಿ ಅನ್ಬೇಡಿ, ಐದೇ ಸಲ ಬದಲಾಯಿಸೋಕೆ ಬಿಡತ್ತೆ, ಆಮೇಲೆ ಅಲ್ಲೇ ಲಾಕ್. ಮದುವೆ ಡಿಸ್ಕಿಗೆ ರೀಜನ್ನೇ ಇರಲ್ಲ. ಓಡ್ತಿರೋವಾಗ್ಲೇ ಹಾರ್ಡ್‌ಡಿಸ್ಕಿಗೂ ಕಾಪಿ ಮಾಡ್ಕೊಂಡ್‌ಬಿಡು ಅಂತ ಅವಳಿಗೆ ಹೇಳಿದೆ, ಮನೇಲಿ ಬರೆಯೋ ಡಿವಿಡಿಗಳಿಗೆ ಆಯಸ್ಸು ಕಮ್ಮಿ.

ಶಾಲೆ ಪ್ರೊಜೆಕ್ಟರಲ್ಲಿ ವಿಜಿಎ ಮಾತ್ರ ಇದೆ, ನನ್ನ ಹೊಸ ಲ್ಯಾಪ್‌ಟಾಪಲ್ಲಿ ಎಚ್‌ಡಿಎಂಐ ಮಾತ್ರ. ಮತ್ತೆ ಕೇಬಲ್ಲಲ್ಲಿ ಒಂದು ಪಿನ್ ಮುರಿದಿದೆ ಅನ್ಸತ್ತೆ

ಎಚ್‌ಡಿಎಂಐ ಟು ವಿಜಿಎ ಕನ್ವರ್ಟರ್ ತಗೊಳ್ಳಿ, ಬಾಲದಂಗೆ ಇರತ್ತೆ, ಹೆಡ್‌ಫೋನ್ ತೂತು ಇರೋದೇ ತಗೊಳ್ಳಿ, ಸೌಂಡ್ ಅಲ್ಲಿಂದ ಸ್ಪೀಕರ್‌ಗೆ ಹೋಗತ್ತೆ. ಬರೀ ಎರಡು ತುದಿ ಬೇರೆ ಇರೋ ವೈರ್ ತಂದ್ರೆ ಆಗಲ್ಲ, ಒಂದು ಕಡೆ ಡಿಜಿಟಲ್ಲು ಇನ್ನೊಂದು ಕಡೆ ಅನಲಾಗು, ಮಧ್ಯೆ ಚಿಪ್ ಬೇಕೇ ಬೇಕು.

ಪಿನ್ ವಿಷಯ: ಮಧ್ಯದ ಸಾಲಲ್ಲಿ ಒಂದು ಪಿನ್ ಇಲ್ಲ ಅಂತಾದ್ರೆ ಹೆದರ್ಬೇಡಿ, 9ನೇ ಪಿನ್ ಎಷ್ಟೋ ಕೇಬಲ್ಲಲ್ಲಿ ಹುಟ್ಟಿಂದ್ಲೇ ಇರಲ್ಲ. ಆದ್ರೆ ಬಾಗಿರೋ ಪಿನ್ ಇದ್ರೆ ಅದು ತೊಂದ್ರೇನೇ. ನಮ್ಮೂರ ಶಾಲೇಲಿ ಇಡೀ ಪಾಠ ಅರಿಶಿನ ಬಣ್ಣಕ್ಕೆ ಬರ್ತಿತ್ತು, ಮೇಷ್ಟ್ರು ಪ್ರೊಜೆಕ್ಟರ್ ಬಲ್ಬ್ ಹೋಗಿದೆ ಅಂತ ಅರ್ಜಿ ಬರೆಯೋಕೆ ಕೂತಿದ್ರು. ತೆಗೆದು ನೋಡಿದ್ರೆ ಮೇಲಿನ ಸಾಲಿನ ಮೂರನೇ ಪಿನ್ನು, ನೀಲಿ ಬಣ್ಣದ್ದು, ಮಲ್ಕೊಂಡ್‌ಬಿಟ್ಟಿತ್ತು. ಬಾಲ್‌ಪೆನ್ನಿನ ರೀಫಿಲ್ ತೆಗೆದು ಆ ಖಾಲಿ ಪೆನ್ನಿನ ಮೂತಿಯನ್ನ ಪಿನ್ ಮೇಲೆ ತೂರಿಸಿ ಮೆಲ್ಲಗೆ ನೆಟ್ಟಗೆ ಮಾಡಿದ್ವಿ, ನೀಲಿ ವಾಪಸ್ ಬಂತು. ವಿಜಿಎಲಿ ಕೆಂಪು ಹಸಿರು ನೀಲಿಗೆ ಒಂದೊಂದು ಪಿನ್, 1, 2, 3. ಚಿತ್ರಕ್ಕೆ ಒಂದೇ ಬಣ್ಣದ ಛಾಯೆ ಬಂದ್ರೆ ಮೊದಲು ಅಲ್ಲೇ ನೋಡಿ.

## ಹಾಕಿದ್ದಾಯ್ತು, ಸರಿ ಬರ್ತಿಲ್ಲ

ಟಿವಿಲಿ ಕೆಳಗಡೆ ಟಾಸ್ಕ್‌ಬಾರ್ ಅರ್ಧ ಕಟ್ ಆಗಿದೆ

ಟಿವಿಗಳಿಗೆ ಹಳೇ ಚಾಳಿ. ದೊಡ್ಡ ಗಾಜಿನ ಟಿವಿ ಕಾಲದಲ್ಲಿ ಅಂಚು ಸರಿ ಇರ್ತಿರ್ಲಿಲ್ಲ ಅಂತ ಚಿತ್ರಾನ ಸ್ವಲ್ಪ ಹಿಗ್ಗಿಸಿ ಅಂಚನ್ನ ಚೌಕಟ್ಟಿನ ಹಿಂದೆ ಬಚ್ಚಿಡ್ತಿದ್ರು, ಈಗ ಎಲ್‌ಇಡಿ ಬಂದ್ರೂ ಆ ಸೆಟ್ಟಿಂಗು ಹಂಗೇ ಉಳಿದಿದೆ. ಟಿವಿ ಮೆನುವಲ್ಲಿ ಪಿಕ್ಚರ್ ಸೈಜ್ ಹುಡುಕಿ, ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್, ಫುಲ್ ಪಿಕ್ಸೆಲ್ ಅಂತ ಏನಾದ್ರೂ ಇರತ್ತೆ, ಒಂದೊಂದು ಕಂಪನಿದು ಒಂದೊಂದು ಹೆಸರು. ಲ್ಯಾಪ್‌ಟಾಪಲ್ಲಿ ರೆಸಲ್ಯೂಷನ್ ಕಮ್ಮಿ ಮಾಡಿ ಸರಿ ಮಾಡೋಕೆ ಹೋಗ್ಬೇಡಿ, ಅಕ್ಷರ ಹಾಳಾಗತ್ತೆ ಅಷ್ಟೆ.

ಲ್ಯಾಪ್‌ಟಾಪ್ ಮುಟ್ಟಿದ್ರೆ ಜುಮ್ ಅನ್ನತ್ತೆ, ಸೌಂಡಲ್ಲಿ ಗುಂಯ್ ಅಂತ ಬರ್ತಾನೇ ಇರತ್ತೆ, ಡೇಂಜರ್ರಾ?

ಜುಮ್ ಅನ್ನೋದು ಅರ್ತಿಂಗ್ ಇಲ್ಲದ್ದಕ್ಕೆ. ಚಾರ್ಜರ್ ಒಳಗೆ ಗಲಾಟೆ ತಡೆಯೋಕೆ ಚಿಕ್ಕ ಕೆಪಾಸಿಟರ್ ಇರತ್ವೆ, ಅವು ಚೂರುಪಾರು ಕರೆಂಟನ್ನ ಅರ್ತಿಗೆ ಬಿಡ್ಬೇಕು, ಅರ್ತ್ ಸಿಗ್ಲಿಲ್ಲ ಅಂದ್ರೆ ಅದು ಲ್ಯಾಪ್‌ಟಾಪಿನ ಲೋಹದ ಮೈ ಮೇಲೆ ಕೂತಿರತ್ತೆ. ಮೂರು ಪಿನ್ನಿನ ಪ್ಲಗ್ಗನ್ನ ಎರಡು ಪಿನ್ನಿನ ಬೆರಳುದ್ದದ ಕನ್ವರ್ಟರ್‌ಗೆ ಚುಚ್ಚಿರ್ತೀವಲ್ಲ, ಅದೇ ಕಾರಣ. ಜುಮ್ ಅಷ್ಟೇ ಆದ್ರೆ ಪ್ರಾಣ ಹೋಗಲ್ಲ, ಆದ್ರೆ ಹಂಗಿದ್ದಾಗ ಎಚ್‌ಡಿಎಂಐ ಚುಚ್ಚಿದ್ರೆ ಆ ಕರೆಂಟು ಟಿವಿಯ ಸೂಕ್ಷ್ಮ ಚಿಪ್ಪಿನ ಮೂಲಕ ದಾರಿ ಹುಡುಕ್ಕೊಳ್ಬಹುದು, ಪೋರ್ಟ್ ಸತ್ತೋಗಿರೋದು ಇದೆ. ಮೊದಲು ಎಚ್‌ಡಿಎಂಐ ಹಾಕಿ, ಆಮೇಲೆ ಕರೆಂಟ್ ಹಾಕಿ, ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ಟಿನ ಅರ್ತ್ ನೋಡ್ಸಿ. ಹೊಡೆತ ಜೋರಾಗಿ ಬಿದ್ರೆ ಅದು ಜುಮ್ ಅಲ್ಲ, ಆ ಚಾರ್ಜರ್ ಅವತ್ತೇ ಬಿಸಾಕಿ.

ಗುಂಯ್ ಸೌಂಡಿಗೆ ಒಂದು ಪರೀಕ್ಷೆ: ಕೇಬಲ್ ಟಿವಿ ಅಥವಾ ಡಿಶ್ಶಿಂದ ಬರೋ ದಪ್ಪ ವೈರ್ ತೆಗೆದು ನೋಡಿ. ಗುಂಯ್ ನಿಂತ್ರೆ ಬೀದಿ ಕಡೆಯಿಂದ ಒಂದು ಅರ್ತು, ಮನೆ ಸಾಕೆಟ್ಟಿಂದ ಒಂದು ಅರ್ತು, ಎರಡರ ಮಧ್ಯೆ ಜಗಳ ಅಂತ ಅರ್ಥ, ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಿಗತ್ತೆ, ಅದನ್ನ ಮಧ್ಯೆ ಹಾಕಿ. ಅರ್ತ್ ಪಿನ್ ಕಿತ್ತಾಕಿದ್ರೆ ಗುಂಯ್ ಹೋಗತ್ತೆ ಅಂತ ಯಾರಾದ್ರೂ ಹೇಳಿದ್ರೆ, ಹೋಗತ್ತೆ, ಜೊತೆಗೆ ನಿಮ್ಮನ್ನ ಕಾಯೋದೂ ಹೋಗತ್ತೆ.

ಗುಡುಗು ಸಿಡಿಲು ಬಂದಾಗ ಸ್ವಿಚ್ ಆಫ್ ಮಾಡಿದ್ರೆ ಸಾಕಲ್ವಾ?

ಸಾಕಾಗಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಮಲೆನಾಡಲ್ಲಿ ಇದ್ದು ನೋಡಿ. ಸಿಡಿಲು ಬರೀ ಕರೆಂಟ್ ವೈರಲ್ಲಿ ಬರಲ್ಲ, ಮಾಡಿನ ಮೇಲಿನ ಡಿಶ್ಶಿಂದ ವೈರಲ್ಲಿ ಇಳಿದು ಸೆಟ್‌ಟಾಪ್ ಬಾಕ್ಸು, ಅಲ್ಲಿಂದ ಎಚ್‌ಡಿಎಂಐ, ಅಲ್ಲಿಂದ ಟಿವಿಗೆ ಬರತ್ತೆ. ಅಜ್ಜನ ಮನೇಲಿ ಪ್ಲಗ್ ತೆಗೆದಿತ್ತು, ಡಿಶ್ ವೈರ್ ತೆಗೆದಿರ್ಲಿಲ್ಲ. ಬಾಕ್ಸು ಸತ್ತಿತ್ತು, ಟಿವಿ ಬದುಕಿತ್ತು, ಆದ್ರೆ ಎಚ್‌ಡಿಎಂಐ 1 ಮಾತ್ರ ಇವತ್ತಿಗೂ ಕುರುಡು. ಪ್ಲಗ್ಗು, ಡಿಶ್ ವೈರು ಎರಡೂ ಮೋಡ ಕಟ್ಟಿದಾಗ್ಲೇ ತೆಗೀರಿ, ಮಿಂಚು ಶುರುವಾದ್ಮೇಲೆ ಕೈ ಹಾಕ್ಬೇಡಿ.

ಯೂಟ್ಯೂಬ್ ಬರತ್ತೆ, ಓಟಿಟಿಲಿ ಸಿನಿಮಾ ಹಾಕಿದ್ರೆ ಟಿವಿ ಕಪ್ಪು, ಡೈಲಾಗ್ ಮಾತ್ರ ಕೇಳತ್ತೆ

ಎಚ್‌ಡಿಸಿಪಿ ಅಂತ ಬೀಗ ಇದೆ, ಕಾಪಿ ಮಾಡ್ಬಾರ್ದು ಅಂತ ಹಾಕಿರೋದು. ಲ್ಯಾಪ್‌ಟಾಪಿಂದ ಟಿವಿ ತನಕ ಮಧ್ಯೆ ಇರೋ ಪ್ರತಿಯೊಂದು ಡಬ್ಬಿನೂ ಅದಕ್ಕೆ ಒಪ್ಪಬೇಕು, ಒಂದು ಸ್ಪ್ಲಿಟರ್ (ಒಂದೇ ಚಿತ್ರಾನ ಎರಡು ಟಿವಿಗೆ ಹಂಚೋ ಡಬ್ಬಿ) ಒಪ್ಲಿಲ್ಲ ಅಂದ್ರೂ ಕಪ್ಪು. ವಿಜಿಎಗಂತೂ ಈ ಬೀಗಾನೇ ಗೊತ್ತಿಲ್ಲ. ಮಧ್ಯದ ಕನ್ವರ್ಟರ್ ಎಲ್ಲಾ ತೆಗೆದು ನೇರ ಎಚ್‌ಡಿಎಂಐಲಿ ಹಾಕಿ, ಸೆಕೆಂಡ್ ಸ್ಕ್ರೀನ್ ಓನ್ಲಿ ಮಾಡಿ, ಬ್ರೌಸರ್ ಬದಲಾಯಿಸಿ ನೋಡಿ. 4ಕೆ ಸಿನಿಮಾಕ್ಕೆ ಎಚ್‌ಡಿಸಿಪಿ 2.2 ಕೇಳತ್ವೆ, ಟಿವಿಲಿ ಕೆಲವೊಮ್ಮೆ ಒಂದೇ ಪೋರ್ಟಲ್ಲಿ ಅದು ಇರತ್ತೆ. ದುಡ್ಡು ಕೊಟ್ಟು ನೋಡೋರಿಗೆ ಬೀಗ, ಕದ್ದು ನೋಡೋನಿಗೆ ಆರಾಮ, ಏನ್ ಹೇಳೋದು.

ಪೆನ್‌ಡ್ರೈವ್ ಟಿವಿಗೆ ಹಾಕಿದ್ರೆ ಸಿನಿಮಾ ಫೈಲೇ ಕಾಣಲ್ಲ, ಕೆಲವಕ್ಕೆ ಸೌಂಡಿಲ್ಲ

ಫೈಲ್ ಕಾಣ್ಲಿಲ್ಲ ಅಂದ್ರೆ ಟಿವಿಗೆ ಪೆನ್‌ಡ್ರೈವಿನ ಫಾರ್ಮ್ಯಾಟ್ ಅರ್ಥವಾಗಿಲ್ಲ, ಹಳೇ ಟಿವಿಗೆ ಫ್ಯಾಟ್32 ಮಾಡಿ ಕೊಡಿ, ಆದ್ರೆ ಅದರಲ್ಲಿ ಒಂದು ಫೈಲ್ 4 ಜಿಬಿ ದಾಟೋ ಹಾಗಿಲ್ಲ. ಸೌಂಡಿಲ್ಲ ಅಂದ್ರೆ ಆ ಸೌಂಡಿನ ಜಾತಿಗೆ ಟಿವಿ ಕಂಪನಿ ಲೈಸೆನ್ಸ್ ತಗೊಂಡಿಲ್ಲ, ಡಿಟಿಎಸ್‌ಲಿ ಇದು ಜಾಸ್ತಿ. ಲ್ಯಾಪ್‌ಟಾಪಿಂದ ಹಾಕಿದ್ರೆ ಎರಡು ತಲೆನೋವೂ ಇಲ್ಲ.

## ಸ್ವಲ್ಪ ಆಳಕ್ಕೆ ಹೋಗೋರಿಗೆ

ಟೈಪ್-ಸಿ ಟು ಎಚ್‌ಡಿಎಂಐ ತಗೊಂಡೆ, ಫ್ರೆಂಡ್ ಲ್ಯಾಪ್‌ಟಾಪಲ್ಲಿ ಬರತ್ತೆ ನಂದ್ರಲ್ಲಿ ಬರಲ್ಲ, ಡೂಪ್ಲಿಕೇಟ್ ಮಾಲ್ ಕೊಟ್ರಾ?

ಮಾಲ್ ಸರಿ ಇದೆ. ಟೈಪ್-ಸಿ ಅನ್ನೋದು ತೂತಿನ ಆಕಾರದ ಹೆಸರು ಅಷ್ಟೆ, ಒಳಗೆ ಏನು ಹರಿಯತ್ತೆ ಅನ್ನೋದು ಬೇರೆ. ಒಂದೇ ಥರದ ನಲ್ಲಿ, ಒಂದರಲ್ಲಿ ಕಾವೇರಿ ನೀರು, ಇನ್ನೊಂದರಲ್ಲಿ ಬೋರ್‌ವೆಲ್ಲು. ಚಿತ್ರ ಹೊರಗೆ ಬರ್ಬೇಕು ಅಂದ್ರೆ ಆ ಪೋರ್ಟಿಗೆ ಡಿಸ್ಪ್ಲೇಪೋರ್ಟ್ ಆಲ್ಟ್ ಮೋಡ್ ಇರ್ಬೇಕು (ಡಿಸ್ಪ್ಲೇಪೋರ್ಟ್ ಅಂದ್ರೆ ಎಚ್‌ಡಿಎಂಐ ಥರದ್ದೇ ಚಿತ್ರ ಕಳಿಸೋ ಇನ್ನೊಂದು ಪದ್ಧತಿ). ತೂತಿನ ಪಕ್ಕ ಡಿ ಒಳಗೆ ಪಿ ಇರೋ ಗುರುತೋ ಥಂಡರ್‌ಬೋಲ್ಟಿನ ಮಿಂಚಿನ ಗುರುತೋ ಇದ್ರೆ ಇದೆ ಅಂತ, ಗುರುತಿಲ್ಲ ಅಂದ್ರೆ ಕಂಪನಿ ಸೈಟಲ್ಲಿ ಮಾಡೆಲ್ ನಂಬರ್ ಹಾಕಿ ನೋಡಿ. ಎರಡು ಟೈಪ್-ಸಿ ಇದ್ದು ಒಂದರಲ್ಲಿ ಮಾತ್ರ ಬರೋ ಲ್ಯಾಪ್‌ಟಾಪೂ ಇವೆ, ಇನ್ನೊಂದಕ್ಕೂ ಚುಚ್ಚಿ ನೋಡಿ. ಫೋನಿಗೂ ಇದೇ ಮಾತು, ಕಮ್ಮಿ ಬೆಲೆಯವುಗಳಲ್ಲಿ ಸಾಮಾನ್ಯವಾಗಿ ಇರಲ್ಲ, ಐಫೋನಲ್ಲಿ 2023ರ 15ರಿಂದ ಟೈಪ್-ಸಿ ಬಂದು ಚಿತ್ರಾನೂ ಬರತ್ತೆ. ಪೋರ್ಟಲ್ಲಿ ಇಲ್ವೇ ಇಲ್ಲ ಅಂದ್ರೆ ಮಾಮೂಲಿ ಯುಎಸ್‌ಬಿಲೇ ಚಿತ್ರ ಕಳಿಸೋ ಡಿಸ್ಪ್ಲೇಲಿಂಕ್ ಥರದ ಚಿಪ್ ಇರೋ ಅಡಾಪ್ಟರೇ ದಾರಿ, ಬೆಲೆ ಜಾಸ್ತಿ, ಡ್ರೈವರ್ ಹಾಕ್ಬೇಕು, ಆಫೀಸ್ ಕೆಲಸಕ್ಕೆ ಸಾಕು, ಗೇಮಿಗೆ ಬೇಡ.

4ಕೆ ಟಿವಿಗೆ ಹಾಕಿದ್ಮೇಲೆ ಮೌಸ್ ಬೆಲ್ಲದ ಪಾಕದಲ್ಲಿ ಓಡಿದಂಗೆ ಓಡತ್ತೆ

ಸೆಕೆಂಡಿಗೆ 60 ಬದಲು 30 ಸಲ ಚಿತ್ರ ಬರ್ತಿದೆ. ಡಿಸ್ಪ್ಲೇ ಸೆಟ್ಟಿಂಗಲ್ಲಿ ರಿಫ್ರೆಶ್ ರೇಟ್ ನೋಡಿ, 30 ಹರ್ಟ್ಸ್ ಅಂತಿರತ್ತೆ. 2009ರ ಎಚ್‌ಡಿಎಂಐ 1.4ಕ್ಕೆ 4ಕೆಯಲ್ಲಿ ಅಷ್ಟೇ ಶಕ್ತಿ, 2013ರ 2.0ದಿಂದ 60 ಸಿಕ್ತು, 2017ರ 2.1ಲಿ 120. ಲ್ಯಾಪ್‌ಟಾಪು, ಕನ್ವರ್ಟರು, ಕೇಬಲ್ಲು, ಟಿವಿ ಪೋರ್ಟು, ಇದರಲ್ಲಿ ಯಾವ್ದು ಹಳೇದೋ ಅದರ ಲೆಕ್ಕಕ್ಕೇ ಎಲ್ಲಾ ಇಳಿಯತ್ತೆ. ಟಿವಿ ಸೆಟ್ಟಿಂಗೂ ನೋಡಿ, ಸ್ಯಾಮ್‌ಸಂಗಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಲಿ ಅಲ್ಟ್ರಾ ಎಚ್‌ಡಿ ಡೀಪ್ ಕಲರ್, ಸೋನಿಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟಲ್ಲಿ ಎನ್‌ಹಾನ್ಸ್‌ಡ್, ಇದು ಆಫ್ ಇದ್ರೆ ಪೋರ್ಟ್ ಹಳೇ ಥರಾನೇ ನಡ್ಕೊಳ್ಳತ್ತೆ. ಕೇಬಲ್ ಮೇಲೆ 4ಕೆ 60ಕ್ಕೆ ಪ್ರೀಮಿಯಂ ಹೈ ಸ್ಪೀಡ್, ಅದಕ್ಕಿಂತ ಮೇಲಕ್ಕೆ ಅಲ್ಟ್ರಾ ಹೈ ಸ್ಪೀಡ್ ಅಂತಿರ್ಬೇಕು.

ಸಿನಿಮಾ ಸೂಪರ್ ಬರತ್ತೆ, ಆದ್ರೆ ಎಕ್ಸೆಲ್ ತೆಗೆದ್ರೆ ಅಕ್ಷರದ ಸುತ್ತ ಬಣ್ಣ ಬಣ್ಣದ ನೆರಳು

ಟಿವಿ ಬಣ್ಣದ ವಿವರಾನ ಪೂರ್ತಿ ಉಳಿಸ್ಕೊಳ್ತಿಲ್ಲ. ಕಣ್ಣಿಗೆ ಬೆಳಕಿನ ವ್ಯತ್ಯಾಸ ಚುರುಕಾಗಿ ಕಾಣತ್ತೆ, ಬಣ್ಣದ್ದು ಅಷ್ಟಿಲ್ಲ, ಅದಕ್ಕೆ ವಿಡಿಯೋಲಿ ನಾಲ್ಕು ಚುಕ್ಕಿಗೆ ಒಂದೇ ಬಣ್ಣ ಹಂಚ್ತಾರೆ. ಮುಖಕ್ಕೆ ನಡೆಯತ್ತೆ, ಕೆಂಪು ಅಕ್ಷರಕ್ಕೆ ನಡೆಯಲ್ಲ. ಟಿವಿಲಿ ಆ ಇನ್‌ಪುಟ್ಟಿನ ಹೆಸರು ಅಥವಾ ಐಕಾನನ್ನ ಪಿಸಿ ಅಂತ ಬದಲಾಯಿಸಿ, ಸ್ಯಾಮ್‌ಸಂಗ್, ಎಲ್‌ಜಿಲಿ ಬರೀ ಹೆಸರು ಬದಲಾಯಿಸಿದ್ರೇ ಒಳಗಿನ ನಡವಳಿಕೆ ಬದಲಾಗತ್ತೆ, ನಂಬೋಕಾಗಲ್ಲ ಆದ್ರೂ ನಿಜ. ಶಾರ್ಪ್‌ನೆಸ್ ಸೊನ್ನೆ ಹತ್ರ ತನ್ನಿ. ಕಪ್ಪು ಬೂದಿ ಥರ ಕಂಡ್ರೆ ಅದು ಬೇರೆ ಕಾಯಿಲೆ: ಟಿವಿ ಲೋಕದಲ್ಲಿ ಕಪ್ಪು 16ರಿಂದ, ಕಂಪ್ಯೂಟರ್ ಲೋಕದಲ್ಲಿ 0ಯಿಂದ, ಗ್ರಾಫಿಕ್ಸ್ ಸೆಟ್ಟಿಂಗಲ್ಲಿ ಫುಲ್ ಅಥವಾ ಲಿಮಿಟೆಡ್ ಅಂತ ಇದೆ, ಟಿವಿ ಕಡೆದಕ್ಕೆ ಹೊಂದಿಸಿ.

ಫೈನಲ್ ಮ್ಯಾಚ್‌ಗೆ ಬಯಲಲ್ಲಿ ಪ್ರೊಜೆಕ್ಟರ್ ಹಾಕ್ತೀವಿ, ಲ್ಯಾಪ್‌ಟಾಪ್ ಜಗಲಿ ಮೇಲೆ, 20 ಮೀಟರ್ ದೂರ. ವೈಫೈಲಿ ಹಾಕ್ಬಹುದಾ?

ವೈಫೈ ಬೇಡ. ವಿಂಡೋಸ್ ಕೆ ಒತ್ತಿ ವೈರಿಲ್ದೇ ಹಾಕೋದು ಒಂದೇ ಕೋಣೆಗೆ ಓಕೆ, ಇನ್ನೂರು ಜನ ಫೋನ್ ಹಿಡ್ಕೊಂಡು ಕೂತಿರೋ ಬಯಲಲ್ಲಿ ತಡವರಿಸತ್ತೆ. ಸ್ಟ್ರೀಮಿಂಗ್ ಮೊದ್ಲೇ ಹಿಂದೆ ಇರತ್ತೆ, ಅದರ ಮೇಲೆ ಇದೂ ಸೇರಿದ್ರೆ ಪಕ್ಕದ ಮನೆ ಡಿಶ್ಶಲ್ಲಿ ಸಿಕ್ಸ್ ಹೋಗಿ ಕೂಗಾಡಿ ಮುಗಿದ್ಮೇಲೆ ನಿಮ್ಮ ಬೌಲರ್ ಓಡೋಕೆ ಶುರು ಮಾಡ್ತಾನೆ. ಮಾಮೂಲಿ ತಾಮ್ರದ ಎಚ್‌ಡಿಎಂಐ 20 ಮೀಟರಿಗೆ ನಂಬ್ಕೊಳ್ಬೇಡಿ, ಎರಡು ದಾರಿ: ಎಚ್‌ಡಿಎಂಐ ಎಕ್ಸ್‌ಟೆಂಡರ್ ಜೋಡಿ ಮತ್ತೆ ಮಧ್ಯೆ ಕ್ಯಾಟ್6 ನೆಟ್‌ವರ್ಕ್ ವೈರ್, ಇಲ್ಲಾಂದ್ರೆ ಫೈಬರ್ ಇರೋ ಆಪ್ಟಿಕಲ್ ಎಚ್‌ಡಿಎಂಐ. ಆಪ್ಟಿಕಲ್‌ನ ಯಾರೂ ತುಳಿಯದಂಗೆ, ಮಡಚದಂಗೆ ನೋಡ್ಕೊಳ್ಳಿ. ಇದೆಲ್ಲಾ ಯಾಕೆ, ಲ್ಯಾಪ್‌ಟಾಪನ್ನೇ ಪ್ರೊಜೆಕ್ಟರ್ ಪಕ್ಕಕ್ಕೆ ತಂದು ಕರೆಂಟ್ ವೈರ್ ಉದ್ದ ಎಳೀರಿ, ಎಲ್ಲಕ್ಕಿಂತ ಅಗ್ಗ.

ಮ್ಯಾಕ್‌ಬುಕ್ ಏರ್‌ಗೆ ಎರಡು ಮಾನಿಟರ್ ಹಾಕಿದ್ರೆ ಎರಡರಲ್ಲೂ ಒಂದೇ ಚಿತ್ರ ಬರತ್ತೆ

ಎಂ1, ಎಂ2 ಚಿಪ್ಪಿನ ಏರ್‌ಗೆ ಹೊರಗಿನ ಮಾನಿಟರ್ ಒಂದೇ. ಎಂ3ಲಿ ಮುಚ್ಚಳ ಮುಚ್ಚಿದ್ರೆ ಎರಡು, ಎಂ4ಲಿ ತೆಗೆದಿಟ್ರೂ ಎರಡು. ಅಗ್ಗದ ಡಾಕ್‌ಗಳು (ಒಂದು ತೂತಿಂದ ಹಲವು ತೂತು ಮಾಡಿಕೊಡೋ ಡಬ್ಬಿಗಳು) ಒಂದೇ ಸಿಗ್ನಲ್ಲನ್ನ ಸೀಳಿ ಎರಡು ಮಾಡೋ ವಿಧಾನ ಬಳಸತ್ವೆ, ವಿಂಡೋಸ್ ಅದಕ್ಕೆ ಒಪ್ಪತ್ತೆ, ಮ್ಯಾಕ್ ಒಪ್ಪದೇ ಎರಡಕ್ಕೂ ಒಂದೇ ಚಿತ್ರ ಕೊಡತ್ತೆ. ಹಳೇ ಏರ್ ಇದ್ರೆ ಡಿಸ್ಪ್ಲೇಲಿಂಕ್ ಡಾಕೇ ಗತಿ.

ಡಿಸ್ಪ್ಲೇಪೋರ್ಟ್ ಟು ಎಚ್‌ಡಿಎಂಐ ಕೇಬಲ್ ಇದೆ, ತಿರುಗಿಸಿ ಹಾಕಿ ಲ್ಯಾಪ್‌ಟಾಪಿನ ಎಚ್‌ಡಿಎಂಐಯಿಂದ ಮಾನಿಟರಿನ ಡಿಸ್ಪ್ಲೇಪೋರ್ಟಿಗೆ ಕೊಡ್ಬಹುದಲ್ವಾ, ಎರಡು ತುದಿನೂ ಕೂತ್ಕೊಳ್ಳತ್ತೆ?

ಕೂತ್ಕೊಳ್ಳತ್ತೆ, ಚಿತ್ರ ಬರಲ್ಲ. ಡಿಸ್ಪ್ಲೇಪೋರ್ಟಿಗೆ ಎಚ್‌ಡಿಎಂಐ ಭಾಷೆ ಮಾತಾಡೋಕೆ ಬರತ್ತೆ, ಎಚ್‌ಡಿಎಂಐಗೆ ಅದರ ಭಾಷೆ ಬರಲ್ಲ. ಉಲ್ಟಾ ದಾರಿಗೆ ಯುಎಸ್‌ಬಿಯಿಂದ ಕರೆಂಟ್ ತಗೊಳ್ಳೋ ಬೇರೆ ಕನ್ವರ್ಟರೇ ಬೇಕು. ಅದಕ್ಕೆ ದುಡ್ಡು ಕೊಡೋ ಮುಂಚೆ ಮಾನಿಟರ್ ಹಿಂದೆ ಇನ್ನೊಂದ್ಸಲ ಬಗ್ಗಿ ನೋಡಿ, ಪಕ್ಕದಲ್ಲೇ ಎಚ್‌ಡಿಎಂಐ ಇರೋ ಸಾಧ್ಯತೆ ಜಾಸ್ತಿ.